ಬೋರ್ಡಿನ ಬೆನ್ನ ಮೇಲಿನ ಊರು

ರಸ್ತೆ ಬದಿಯ ಬೋರ್ಡು ಬರೆಯುವ ಆ ಶೆಡ್ಡಿನಲ್ಲಿ ಬೋರ್ಡಕ್ಕನಿಗಿಂತ ಹಳಬರು ಈಗ ಯಾರೂ ಉಳಿದಿಲ್ಲ. ತಗಡಿನ ಸೂರು, ಬಣ್ಣ ಮೆತ್ತಿ ಮೆತ್ತಿ ಮೂಲ ಬಣ್ಣವೇ ಮರೆತುಹೋದ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಖಾಲಿ ತಗಡುಗಳು, ಟರ್ಪೆಂಟೈನಿನ ವಾಸನೆ. ಮದುವೆಗೆ ಮೊದಲೂ ಮದುವೆಯಾದ ಮೇಲೂ ಅವಳ ಹಗಲೆಲ್ಲ ಅಲ್ಲೇ ಕಳೆದಿದೆ. ಸುತ್ತಲಿನ ಊರುಗಳ ಹೆಸರುಗಳು ಅವಳ ಕೈಯಿಂದಲೇ ರಸ್ತೆಗೆ ಹೋದವು. ಆದರೆ ಆ ಊರುಗಳಲ್ಲಿ ಮುಕ್ಕಾಲು ಪಾಲನ್ನು ಅವಳು ಕಂಡೇ ಇಲ್ಲ. ಗಾಡಿ ಹತ್ತಿದರೆ ಎರಡನೆಯ ತಿರುವಿಗೇ ಅವಳ ಹೊಟ್ಟೆ ತೊಳಸುತ್ತದೆ.

"ಊರಿಗೆಲ್ಲ ದಾರಿ ತೋರಿಸ್ತೀಯ, ನೀನು ಮಾತ್ರ ಬಾಗಿಲು ಬಿಟ್ಟು ಕದಲಲ್ಲ," ಎಂದು ತಂಗಿ ಆಗಾಗ ಕುಟುಕುತ್ತಾಳೆ. ತಂಗಿಯದು ಬ್ರೆಡ್ಡಿನ ವ್ಯಾನ್ ಓಡಿಸುವ ಕೆಲಸ. ಬೇಕರಿಯಲ್ಲಿ ತುಂಬಿಕೊಂಡು ಹೊರಟರೆ ಹಳ್ಳಿ ಹಳ್ಳಿಯ ಅಂಗಡಿಗಳಿಗೆ ಇಳಿಸುತ್ತ ಸಂಜೆಗೆ ಮನೆ ಸೇರುತ್ತಾಳೆ. ಅಕ್ಕ ಬರೆದ ಬೋರ್ಡುಗಳನ್ನು ಅಕ್ಕನಿಗಿಂತ ಹೆಚ್ಚು ಓದಿದವಳು ಅವಳೇ.

ಬೋರ್ಡು ಬರೆಯುವವರಿಗೆ ಒಂದು ಪದ್ಧತಿಯಿತ್ತು. ಬೆಳಗಿನ ಮೊದಲ ಬೋರ್ಡಿಗೆ ಕೈ ಇನ್ನೂ ಬಿಗಿಯಾಗಿರುತ್ತದೆ, ಕುಂಚ ಮಾತು ಕೇಳುವುದಿಲ್ಲ. ಹಾಗಾಗಿ ಮೊದಲು ಅದೇ ಬೋರ್ಡಿನ ಹಿಂಬದಿಯಲ್ಲಿ ಒಂದು ಹೆಸರು ಬರೆದು ಕೈ ಸಡಿಲ ಮಾಡಿಕೊಳ್ಳಬೇಕು. ಆ ಹೆಸರನ್ನು ಕಟ್ಟಿದವರು ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ. ಕುಂಚಕ್ಕೆ ಕಷ್ಟವಾಗುವ ತಿರುವುಗಳೆಲ್ಲ ಅದರಲ್ಲಿದ್ದವು. ಅಂಥ ಊರು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಹೆಸರಿನ ಪಕ್ಕ ಒಂದು ಬಾಣ, ಕೆಳಗೆ ದೂರದ ಅಂಕಿ, ಎಲ್ಲವೂ ನಿಜವಾದ ಬೋರ್ಡಿನ ಹಾಗೆಯೇ. ಒಣಗಿದ ಮೇಲೆ ಬೂದು ಬಣ್ಣ ಬಳಿದರೆ ಮುಗಿಯಿತು, ಬೆನ್ನು ಬೆನ್ನಾಗಿಯೇ ಉಳಿಯುತ್ತದೆ.

ಶೆಡ್ಡಿನವರು ಆ ಊರನ್ನು ತಾಲೀಮಿನೂರು ಎಂದು ಕರೆಯುತ್ತಿದ್ದರು. ಹೇಳದೆ ರಜೆ ಹಾಕಿದವನನ್ನು ಯಾರಾದರೂ ಹುಡುಕಿದರೆ, "ತಾಲೀಮಿನೂರಲ್ಲಿ ಅತ್ತೆ ಮನೆ ಇದೆಯಲ್ಲ, ಅಲ್ಲಿಗೆ ಹೋಗಿದ್ದಾನೆ," ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಬೋರ್ಡಕ್ಕ ಮಾತ್ರ ಆ ಊರನ್ನು ಮನೆಗೂ ಕೊಂಡೊಯ್ದಿದ್ದಳು. ಆಗ ಅವಳು ಕೆಲಸಕ್ಕೆ ಸೇರಿದ ಹೊಸತು, ತಂಗಿ ಇನ್ನೂ ಚಿಕ್ಕವಳು. ಅಮ್ಮನಿಗೆ ಗಿರಣಿಯಲ್ಲಿ ರಾತ್ರಿ ಪಾಳಿ. ತಂಗಿ ಅಮ್ಮ ಬೇಕೆಂದು ಹಟ ಹಿಡಿದಾಗ ಅಕ್ಕ ಕಥೆ ಕಟ್ಟುತ್ತಿದ್ದಳು: ಒಂದೂರಿದೆ, ಏರು ದಾರಿಯಲ್ಲಿ ಹೋಗಬೇಕು. ಊರ ಬಾಯಲ್ಲೇ ನೀಲಿ ಬಣ್ಣದ ನೀರಿನ ಟ್ಯಾಂಕು. ಟ್ಯಾಂಕು ಕಾಣೋವರೆಗೂ ಊರು ಬಂದಿಲ್ಲ ಅಂತ ಲೆಕ್ಕ. ಆ ಊರಲ್ಲಿ ಯಾರ ಅಮ್ಮನೂ ರಾತ್ರಿ ಕೆಲಸಕ್ಕೆ ಹೋಗಲ್ಲ. ತಂಗಿ ಟ್ಯಾಂಕಿನವರೆಗೂ ಬಂದು ನಿದ್ದೆ ಹೋಗುತ್ತಿದ್ದಳು.

ಆಮೇಲೆ ಶಾಲೆಯಲ್ಲಿ ಆ ಊರಿನ ಹೆಸರು ಹೇಳಿದಾಗ ತರಗತಿಯವರೆಲ್ಲ ಬಿದ್ದು ಬಿದ್ದು ನಕ್ಕರು, ತಂಗಿ ಅಳುತ್ತ ಮನೆಗೆ ಬಂದಳು. "ನೀನು ಸುಳ್ಳಿ," ಎಂದವಳು ಮತ್ತೆ ಕಥೆ ಕೇಳಲಿಲ್ಲ. ಅದೆಲ್ಲ ಹಳೆಯ ಮಾತು. ತಂಗಿಗೂ ಈಗ ಮದುವೆಯಾಗಿದೆ, ಮಗಳಿದ್ದಾಳೆ. ಆದರೂ ಇಬ್ಬರ ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಆ ಊರಿಗೇ ಬಂದು ನಿಲ್ಲುತ್ತಿತ್ತು.

ಅವತ್ತು ಮಧ್ಯಾಹ್ನದಿಂದ ಮಳೆ ಹಿಡಿದುಕೊಂಡಿತ್ತು. ಸಂಜೆ ಕೆಲಸ ಮುಗಿಸಿ ಬೋರ್ಡಕ್ಕ ಕುಂಚ ತೊಳೆಯುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ತಂಗಿಯ ದನಿ ಗಾಳಿಯ ಸದ್ದಿನಲ್ಲಿ ಕಿತ್ತು ಕಿತ್ತು ಬರುತ್ತಿತ್ತು.

"ಅಕ್ಕಾ, ಎಲ್ಲಿದ್ದೀನಿ ಹೇಳು ನೋಡೋಣ."

"ಎಲ್ಲಿದ್ದೀಯೋ ಏನೋ. ಮಳೆ ಜೋರಾಗೋ ಮೊದಲು ಮನೆ ಸೇರು."

"ನಿನ್ನೂರು ಸಿಕ್ತು ಕಣೇ. ನಿಜವಾಗ್ಲೂ ಇದೆ. ಮಳೆ ಅಂತ ಒಳದಾರಿ ಹಿಡಿದಿದ್ದೆ, ಬೋರ್ಡಿನ ಎದುರಿಗೇ ನಿಂತಿದ್ದೀನಿ. ಅದೇ ಹೆಸರು, ಎಡಗಡೆ ಬಾಣ. ಇಷ್ಟು ವರ್ಷ ನನ್ನ ಪೆದ್ದಿ ಮಾಡಿದ್ದೀಯಲ್ಲ, ಸುಳ್ಳು ಅಂತ ನಂಬಿಸಿ."

ಬೋರ್ಡಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. "ಪುಟ್ಟಿ, ಹೋಗಬೇಡ. ಅಲ್ಲೇ ನಿಲ್ಲು."

"ಏನು? ಕೇಳಿಸ್ತಿಲ್ಲ. ಹತ್ರಾನೇ ಇದೆ, ನೋಡ್ಕೊಂಡು ಬರ್ತೀನಿ. ಟ್ಯಾಂಕಿದ್ರೆ ಫೋಟೋ ತೆಗೆದು ಕಳಿಸ್ತೀನಿ, ಆಗ್ಲೂ ಇಲ್ಲ ಅನ್ನು," ಎಂದು ತಂಗಿ ನಕ್ಕಳು. ಫೋನು ಕಡಿದುಹೋಯಿತು. ತಿರುಗಿಸಿ ಮಾಡಿದರೆ ಹತ್ತುತ್ತಲೇ ಇರಲಿಲ್ಲ.

ಇಲ್ಲದ ಊರಿಗೆ ಬೋರ್ಡು ನಿಂತಿದೆ ಎಂದರೆ ಅದರ ಅರ್ಥ ಒಂದೇ. ಬೂದು ಬಳಿಯದ ಬೆನ್ನೊಂದು ಶೆಡ್ಡು ದಾಟಿ ರಸ್ತೆ ಸೇರಿದೆ. ಯಾವತ್ತು ಎಂಬುದಕ್ಕೆ ಬೋರ್ಡಕ್ಕ ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಹಿಂದಿನ ತಿಂಗಳು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರೆಂದು ಸುದ್ದಿ ಬಂದಾಗ ಅವಳು ಇದ್ದ ಹಾಗೆಯೇ ಎದ್ದು ಓಡಿದ್ದಳು. ಮುಂಭಾಗ ಬರೆದು ಮುಗಿದಿತ್ತು, ಬೆನ್ನಿಗೆ ಬೂದು ಬಾಕಿಯಿತ್ತು. ಮತ್ತೆ ಕೆಲಸಕ್ಕೆ ಬರುವ ಹೊತ್ತಿಗೆ ಆ ಬೋರ್ಡು ಲೋಡಾಗಿ ಹೋಗಿತ್ತು. ಯಾರೋ ಬಳಿದಿರುತ್ತಾರೆ ಅಂದುಕೊಂಡಳು. ಆಸ್ಪತ್ರೆ, ಮಾತ್ರೆ, ಅತ್ತೆಯ ನರಳಾಟದ ನಡುವೆ ಕೇಳಲು ಮರೆತಳು.

ಹೊರಗೆ ಗುಂಡಿ ಮಾವ ಪಿಕಪ್ಪಿನ ಟಾರ್ಪಾಲು ಕಟ್ಟುತ್ತಿದ್ದ. ಕಂಬ ನೆಡಲು ಗುಂಡಿ ತೋಡುವವನಾದ್ದರಿಂದ ಅವನಿಗೆ ಆ ಹೆಸರು. ಬೋರ್ಡಕ್ಕ ಮಳೆಯಲ್ಲೇ ಅವನ ಮುಂದೆ ಹೋಗಿ ನಿಂತಳು.

"ಮಾವ, ಹೋದ ತಿಂಗಳು ಬೆನ್ನಿಗೆ ಬೂದು ಇಲ್ಲದ ಒಂದು ಬೋರ್ಡು ನೆಟ್ಟಿದ್ದೀಯ. ಎಲ್ಲಿ?"

ಗುಂಡಿ ಮಾವ ಹಗ್ಗದ ಇನ್ನೊಂದು ಗಂಟು ಬಿಗಿದ.

"ಮಾವ, ಕೇಳ್ತಿದ್ದೀನಿ."

"ನೋಡಿದ್ದೆ ಕಣಮ್ಮ," ಎಂದ ಅವನು. "ನಗು ಬಂತು. ತಾಲೀಮಿನೂರಿಗೂ ಒಂದು ಬೋರ್ಡಿರಲಿ ಅಂತ ಬಿಟ್ಟೆ. ಬೆನ್ನು ಕಾಣೋ ಕಡೆಯಿಂದ ಗಾಡಿ ಬರೋದೇ ಅಪರೂಪ."

"ಎಲ್ಲಿ ಅಂತ ಹೇಳು. ಮುಂಭಾಗದಲ್ಲಿ ಏನು ಬರೆದಿತ್ತು?"

ಕೇಳುತ್ತಿರುವಾಗಲೇ ಅವಳಿಗೆ ನೆನಪಾಯಿತು. ಅತ್ತೆಯ ಸುದ್ದಿ ಕೇಳಿ ಓಡಿದ ದಿನ ಆಸ್ಪತ್ರೆಯ ನರ್ಸು ಅವಳ ಬೆರಳು ಹಿಡಿದು, ಗಾಯವಾಗಿದೆಯಾ ಎಂದು ಕೇಳಿದ್ದಳು. ಗಾಯವಲ್ಲ, ಕೆಂಪು ಬಣ್ಣ. ಊರ ಹೆಸರಿಗೆ ಕೆಂಪು ಬಳಸುವುದಿಲ್ಲ.

"ಕ್ವಾರಿ," ಎಂದ ಗುಂಡಿ ಮಾವ. "ಮುಂದೆ ರಸ್ತೆ ಇಲ್ಲ, ಅಪಾಯ ಅಂತ."

ಪಿಕಪ್ಪು ಹೊರಟಿತು. ವೈಪರುಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿತ್ತು, ಗುಂಡಿ ಮಾವನ ಮುಂದಿನದು. ಬೋರ್ಡಕ್ಕನ ಮುಂದೆ ಬರೀ ನೀರು. ಎರಡನೆಯ ತಿರುವಿಗೆ ಹೊಟ್ಟೆ ತಿರುಚಿತು. ಅವಳು ಕಿಟಕಿಯ ಗಾಜು ಇಳಿಸಿ ಮುಖ ಹೊರಗಿಟ್ಟಳು.

"ನಿಲ್ಲಿಸ್ಲಾ?"

"ನಿಲ್ಲಿಸಿದ್ರೆ ನಾನೇ ಇಳಿದು ಓಡ್ತೀನಿ. ನಡಿ."

ಗುಂಡಿ ಮಾವ ಸುಮ್ಮನಿರಲಾರದವನು. ಮಾತಾಡಿದರೆ ಭಯ ಹಗುರಾಗುತ್ತದೆಂದು ತಿಳಿದವನು. ಆದರೆ ಅವನ ಬಾಯಿಂದ ಬಂದದ್ದೆಲ್ಲ ಅವಳ ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ಕ್ವಾರಿಯ ದಾರಿ ಮೊದಲು ಚೆನ್ನಾಗಿಯೇ ಇದೆಯಂತೆ, ಲಾರಿ ಓಡಾಡಿದ ದಾರಿಯಲ್ಲವೆ. ಆಮೇಲೆ ಇಳಿಜಾರು. ಬಂಡೆ ಸಿಡಿಸುತ್ತ ಸಿಡಿಸುತ್ತ ದಾರಿಯನ್ನೇ ಕತ್ತರಿಸಿಬಿಟ್ಟಿದ್ದಾರೆ, ಕೊನೆಯಲ್ಲಿ ಚಾಕುವಿನಿಂದ ಕೊಯ್ದ ಹಾಗೆ ನಿಂತುಹೋಗುತ್ತದೆ. ಕೆಳಗೆ ಮಳೆನೀರು. ಅಡ್ಡ ಹಾಕಿದ್ದ ಕಬ್ಬಿಣದ ಪಟ್ಟಿಯನ್ನು ಯಾರೋ ಕದ್ದು ಗುಜರಿಗೆ ಹಾಕಿದ್ದಾರೆ.

"ಎಷ್ಟು ಆಳ?"

"ಈಗ್ಯಾಕಮ್ಮ ಅದು."

ಅವಳು ಮತ್ತೆ ತಂಗಿಯ ನಂಬರು ಒತ್ತಿದಳು. ಫೋನನ್ನು ಕಿವಿಗೆ ಒತ್ತಿಕೊಂಡೇ ಕುಳಿತಳು. ತಂಗಿಯ ನಗುವೇ ತಲೆಯಲ್ಲಿ ಸುತ್ತುತ್ತಿತ್ತು. ಸುಳ್ಳೆಂದು ಬಿಟ್ಟುಬಿಟ್ಟಿದ್ದ ಊರು ಎದುರಿಗೇ ಸಿಕ್ಕಾಗ ಯಾರು ತಾನೇ ನಿಲ್ಲುತ್ತಾರೆ? ಬೇರೆ ಡ್ರೈವರಾಗಿದ್ದರೆ ಗೊತ್ತಿಲ್ಲದ ಹೆಸರು ನೋಡಿ ನೇರ ಹೋಗಿಬಿಡುತ್ತಿದ್ದ. ಇಡೀ ಸೀಮೆಯಲ್ಲಿ ಆ ಬಾಣವನ್ನು ನಂಬಿ ತಿರುಗುವವಳು ಒಬ್ಬಳೇ ಇದ್ದಳು, ಬೋರ್ಡು ಸಿಕ್ಕಿದ್ದೂ ಅವಳಿಗೇ.

ಹೆದ್ದಾರಿ ಬಿಟ್ಟು ಒಳರಸ್ತೆಗೆ ಬಂದಾಗ ಬೆಳಕು ಕಂದುತ್ತಿತ್ತು. ಹೆಡ್‌ಲೈಟಿನಲ್ಲಿ ಮೊದಲು ಕಂಡದ್ದು ಬೋರ್ಡಿನ ಮುಂಭಾಗ. ಕೆಂಪು ಅಂಚು, ದಪ್ಪ ಅಕ್ಷರ, ಅಪಾಯ. ಎಷ್ಟು ಸ್ಪಷ್ಟವಾಗಿ ಬರೆದಿದ್ದಳು. ಈ ಕಡೆಯಿಂದ ಬರುವ ಕುರುಡನೂ ನಿಲ್ಲಬೇಕು. ಗಾಡಿ ಅದನ್ನು ದಾಟುವಾಗ ಅವಳು ಕತ್ತು ತಿರುಗಿಸಿದಳು. ಬೆನ್ನ ಮೇಲೆ ಊರಿತ್ತು. ಹೆಸರು, ಬಾಣ, ದೂರ. ಕೈ ಬಿಗಿಯಿದ್ದರೂ ಬರವಣಿಗೆ ಚೆನ್ನಾಗಿಯೇ ಬಂದಿತ್ತು.

ಕ್ವಾರಿಯ ದಾರಿಯ ಕೆಸರಿನಲ್ಲಿ ಒಂದೇ ಜೊತೆ ಗಾಲಿಯ ಗುರುತು. ಒಳಗೆ ಹೋದದ್ದಿತ್ತು, ಹಿಂದೆ ಬಂದದ್ದಿರಲಿಲ್ಲ.

ಗುಂಡಿ ಮಾವ ಗಾಡಿ ನಿಲ್ಲಿಸಿದ. "ಇಲ್ಲಿಂದ ನಡೀಬೇಕು. ನಮ್ಮ ಭಾರಕ್ಕೆ ಅಂಚು ಕುಸಿದ್ರೆ ಕಷ್ಟ."

ಅವಳು ಆಗಲೇ ಇಳಿದಿದ್ದಳು. ದಾರಿ ಇಳಿಯುತ್ತ ಹೋಯಿತು. ಎರಡೂ ಕಡೆ ಕಲ್ಲಿನ ಪುಡಿಯ ಗುಡ್ಡೆಗಳು, ನಡುವೆ ಹರಿಯುವ ಕೆಂಪು ನೀರು. ಚಪ್ಪಲಿ ಕೆಸರಿಗೆ ಕಚ್ಚಿಕೊಂಡಿತು, ಬಿಟ್ಟು ನಡೆದಳು. ತಿರುವಿನ ಆಚೆ ವ್ಯಾನಿನ ಹಿಂದಿನ ದೀಪಗಳು ಉರಿಯುತ್ತಿದ್ದವು. ಡ್ರೈವರ್ ಬದಿಯ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ.

ವ್ಯಾನಿನ ಆಚೆ ಒಂದಿಷ್ಟು ದಾರಿ, ಅದರಾಚೆ ಏನೂ ಇಲ್ಲ.

"ಪುಟ್ಟೀ."

ದನಿ ಎದುರಿನ ಬಂಡೆಗೆ ಬಡಿದು ವಾಪಸ್ಸು ಬಂತು. ಬೋರ್ಡಕ್ಕ ವ್ಯಾನಿನ ಮೈ ಹಿಡಿದುಕೊಂಡು ಮುಂದೆ ಸರಿದಳು. ಗುಂಡಿ ಮಾವ ಹಿಂದಿನಿಂದ ಅವಳ ರಟ್ಟೆ ಹಿಡಿದ. ಅವಳು ಕೊಡವಿದಳು, ಅವನು ಬಿಡಲಿಲ್ಲ.

"ಕೂಗ್ಬೇಡ, ಮಣ್ಣು ಸಡಿಲ ಇದೆ," ಎಂದಿತು ಒಂದು ದನಿ ಮೇಲಿನಿಂದ.

ತಂಗಿ ಎಡಗಡೆಯ ಕಲ್ಲುಗುಡ್ಡೆಯ ಮೇಲೆ, ತಲೆಗೆ ಬ್ರೆಡ್ಡಿನ ಟ್ರೇ ಕೊಡೆಯ ಹಾಗೆ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಫೋನು. ಸಿಗ್ನಲ್ಲಿಗಾಗಿ ಹತ್ತಿದ್ದಳು. ಇಳಿದು ಬಂದವಳ ಹಲ್ಲು ಚಳಿಗೋ ಭಯಕ್ಕೋ ಕಟಕಟ ಎನ್ನುತ್ತಿತ್ತು. ಬೋರ್ಡಕ್ಕ ಅವಳ ಭುಜ, ತೋಳು, ಮುಖ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ದಾರಿ ಬದಿಗೆ ಹೋಗಿ ವಾಂತಿ ಮಾಡಿಕೊಂಡಳು.

"ಯಾಕೆ ನಿಲ್ಲಿಸಿದೆ?" ಬಾಯಿ ಒರೆಸಿಕೊಳ್ಳುತ್ತ ಕೇಳಿದಳು. "ಅಂಚು ಕಾಣಿಸ್ತಾ?"

"ಏನೂ ಕಾಣಿಸ್ತಿರಲಿಲ್ಲ. ಮಳೆ ಕಣೆ." ತಂಗಿ ಟ್ರೇಯ ನೀರು ಚೆಲ್ಲಿದಳು. "ದಾರಿ ಇಳೀತಾನೇ ಇತ್ತು. ನಿನ್ನೂರಿಗೆ ಏರ್ಬೇಕಲ್ವಾ? ಟ್ಯಾಂಕೂ ಬರ್ಲಿಲ್ಲ. ಟ್ಯಾಂಕು ಬರದೆ ಊರು ಹೇಗೆ ಬರುತ್ತೆ ಅಂತ ಬ್ರೇಕ್ ಹಾಕ್ದೆ. ಇಳಿದು ಎರಡು ಹೆಜ್ಜೆ ಇಟ್ಟೆ ನೋಡು, ಮುಂದೆ ಖಾಲಿ."

ಬೋರ್ಡಕ್ಕ ತಂಗಿಯ ಕೈ ಹಿಡಿದು ವ್ಯಾನಿನ ಹಿಂದಕ್ಕೆ ಎಳೆದುಕೊಂಡಳು.

ವ್ಯಾನಿಗೆ ಹಗ್ಗ ಕಟ್ಟಿ ಪಿಕಪ್ಪಿನಿಂದ ಹಿಂದಕ್ಕೆ ಎಳೆಯುವಷ್ಟರಲ್ಲಿ ಮಳೆ ಹನಿಗೆ ಇಳಿದಿತ್ತು. ದಾರಿಯ ಬಾಯಿಗೆ ಬಂದಾಗ ಬೋರ್ಡಕ್ಕ ಬೂದು ಬಣ್ಣದ ಡಬ್ಬ ಕೇಳಿದಳು. ಗುಂಡಿ ಮಾವ ಬೇಡವೆಂದು ತಲೆಯಾಡಿಸಿದ. ಒದ್ದೆ ತಗಡಿಗೆ ಬಣ್ಣ ಕೂರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಬೋರ್ಡು ಕಿತ್ತುಕೊಂಡು ಹೋದರೆ ಹೆದ್ದಾರಿ ಕಡೆಯಿಂದ ಬರುವವರಿಗೆ ಎಚ್ಚರಿಕೆ ಇಲ್ಲ. ಅವನು ಟೂಲ್ ಬಾಕ್ಸಿನಿಂದ ತುಕ್ಕು ಕೆರೆಯುವ ಪಟ್ಟಿ ತೆಗೆದುಕೊಟ್ಟು, ಕಂಬಕ್ಕೆ ಬೆನ್ನು ಕೊಟ್ಟು ನಿಂತ. "ಅವತ್ತು ನಾನೇ ಬಳಿದುಬಿಟ್ಟಿದ್ರೆ ಆಗ್ತಿತ್ತು," ಎಂದ.

ಅವಳು ಮೊದಲು ಬಾಣ ಕೆರೆದಳು. ಆಮೇಲೆ ದೂರದ ಅಂಕಿ. ಹೆಸರಿಗೆ ಬಂದಾಗ ಕೈ ನಿಂತಿತು. ತಂಗಿ ಟಾರ್ಚು ಹಿಡಿದಿದ್ದಳು.

"ಕೊಡಿಲ್ಲಿ," ಎಂದು ಪಟ್ಟಿ ಕಸಿದುಕೊಂಡು ಮೇಲಿಂದ ಕೆಳಕ್ಕೆ ಬಲವಾಗಿ ಎಳೆದಳು ತಂಗಿ. "ನನಗೆ ನೀನು ಹೇಳಿದ್ದೇ ಸಾಕು. ಬರೆದಿದ್ದು ಬೇಡ."

ವಾಪಸ್ಸು ಹೊರಟಾಗ ಬೋರ್ಡಕ್ಕ ವ್ಯಾನಿನಲ್ಲಿ ತಂಗಿಯ ಪಕ್ಕ ಕುಳಿತಳು. ಒಳಗೆ ಒದ್ದೆ ಬ್ರೆಡ್ಡಿನ ಹುಳಿ ವಾಸನೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆಡ್‌ಲೈಟಿಗೆ ಇನ್ನೊಂದು ಬೋರ್ಡು ಹೊಳೆಯಿತು.

"ನಿಲ್ಲಿಸು," ಎಂದಳು.

"ಹೊಟ್ಟೆ ತೊಳಸ್ತಾ?"

ಬೋರ್ಡಕ್ಕ ಟಾರ್ಚು ತೆಗೆದುಕೊಂಡು ಇಳಿದಳು. ಬರಿಗಾಲಿನಲ್ಲಿ ಚರಂಡಿ ದಾಟಿ ಬೋರ್ಡಿನ ಹಿಂದಕ್ಕೆ ಹೋಗಿ, ಬೆಳಕು ಬಿಟ್ಟು, ಅಂಗೈಯಿಂದ ತಗಡಿನ ನೀರು ಒರೆಸಿ ನೋಡಿದಳು. ಬೂದು. ಬಂದು ಕುಳಿತಳು. ಮುಂದಿನ ತಿರುವಿನಲ್ಲಿ ಮತ್ತೆ, "ನಿಲ್ಲಿಸು."

"ಹೀಗೆ ಎಲ್ಲ ಬೋರ್ಡೂ ನೋಡ್ತಾ ಹೋದ್ರೆ ಮನೆ ಸೇರೋದು ಯಾವಾಗ? ಮಗಳು ಕಾಯ್ತಿರ್ತಾಳೆ," ಎಂದಳು ತಂಗಿ. ಎಂದರೂ ಬ್ರೇಕಿನ ಮೇಲೆ ಕಾಲಿಟ್ಟಳು. ಹಿಂದೆ ಬರುತ್ತಿದ್ದ ಪಿಕಪ್ಪೂ ನಿಂತಿತು. ಬೋರ್ಡಕ್ಕ ಆಗಲೇ ಬಾಗಿಲು ತೆರೆದಿದ್ದಳು.