ಟಾಕಿ ತೊಳೆದವರು

ಶಹಾಬಾದಿನ ನೀರಿನ ಟಾಕಿ ಕಟ್ಟಿಸಿದವನು ನಾನು ಎಂದು ಹೇಳಿಕೊಂಡು ಜೀವಮಾನವಿಡೀ ತಿರುಗಿದ್ದೇನೆ. ಅದೇನೂ ಸುಳ್ಳಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಬಲ್ದಿಯಾದವರು, ಎಂದರೆ ಪುರಸಭೆಯವರು, ಊರಿಗೆ ನಳದ ನೀರು ತರುವ ಕೆಲಸ ಎತ್ತಿಕೊಂಡಾಗ, ಸೇಡಮ್ಮಿನಿಂದ ಬಂದ ನಾನೇ ಅದರ ಓವರ್ಸಿಯರ್. ಆದರೆ ಅದೇ ಟಾಕಿಯ ಬುಡದಲ್ಲಿ ನಿಂತು ಇನ್ನೊಂದು ಮಾತು ಆಡಿದ್ದೇನೆ. ಅದು ಮಾತ್ರ ಶುದ್ಧ ಸುಳ್ಳು.

ಎಂಟು ಕಲ್ಲಿನ ಕಂಬ, ಅದರ ಮೇಲೆ ಸಿಮೆಂಟಿನ ಟಾಕಿ. ಕಲ್ಲಿಗೆ ಶಹಾಬಾದಿನಲ್ಲಿ ಬರವಿಲ್ಲ. ಕಬ್ಬಿಣದ ಪೈಪುಗಳು ಮಾತ್ರ ಊರ ಸ್ಟೇಷನ್ನಿನಲ್ಲಿ ಇಳಿದು ಬಂಡಿಯ ಮೇಲೆ ಬಂದವು. ಸಿಮೆಂಟು ಹಾಕಿದ ಮೇಲೆ ಮೂರು ವಾರ ಗೋಡೆ ಒಣಗಗೊಡಬಾರದು. ಪಂಪು ಇನ್ನೂ ಕೂತಿರಲಿಲ್ಲ. ಹೀಗಾಗಿ ಕಾಗಿಣಾ ಹೊಳೆಯ ದಂಡೆಯ ಓಣಿಯ ಒಬ್ಬ ಹೆಂಗಸು ಹೊಳೆಯಿಂದ ಕೊಡ ಹೊತ್ತು ತಂದು, ನಿಚ್ಚಣಿಕೆ ಹತ್ತಿ, ಗೋಡೆಗೆ ನೀರು ಹೊಡೆಯುತ್ತಿದ್ದಳು. ದಿನಕ್ಕೆ ಎಷ್ಟು ಸಲ ಹತ್ತಿ ಇಳಿದಳೋ ನಾನು ಎಣಿಸಲಿಲ್ಲ. ನೆರಳಿನಲ್ಲಿ ಕೂತು 'ಮೂಡಣ ಮೂಲೆ ಒಣಗ್ಯದ ನೋಡು' ಎಂದು ಕೂಗುವುದಷ್ಟೇ ನನ್ನ ಕೆಲಸವಾಗಿತ್ತು. ನನ್ನ ತಾಯಿಗಿಂತ ತುಸು ಸಣ್ಣ ವಯಸ್ಸಿನವಳು, ವಿಧವೆ, ನಮ್ಮವರು ಮುಟ್ಟಿಸಿಕೊಳ್ಳದ ಜಾತಿಯವಳು.

ಒಂದು ದಿನ ಕೊಡ ಇಳಿಸಿ ಆಕೆ ಕೇಳಿದಳು:

"ಸಾಹೇಬ್ರ, ಟಾಕಿ ಮುಗದ ಮ್ಯಾಲ ನಾ ಎಲ್ಲಿ ಹೋಗ್ಲಿರಿ? ಫರ್ಸಿ ಕಲ್ಲಿನ ಖಣಿಗಿ ಒಂದು ಕಳಸಬ್ಯಾಡ್ರಿ. ನನ್ನ ಗಂಡ ಅಲ್ಲೇ ಕಲ್ಲಿನ ಬುಡಕ ಹೋದ."

"ಖಣಿಗಿ ಯಾಕ ಹೋಗ್ತಿ? ಟಾಕಿ ತೊಳಿಯೋ ನೌಕರಿ ಒಂದು ಅದ. ದಿನಾ ನೀರು ಎಷ್ಟ್ ಅದ ನೋಡೋದು, ತಿಂಗಳಿಗೊಮ್ಮೆ ಇಳದು ತೊಳಿಯೋದು. ಅದು ನಿನಗೇ," ಎಂದೆ.

"ಖರೇನ್ರಿ?"

"ಖರೇ."

ಆಕೆ ಮತ್ತೆ ಕೇಳಲಿಲ್ಲ. ನನ್ನ ಮಾತೆಂದರೆ ಅಷ್ಟು ನಂಬಿಕೆ. ನಾನೂ ಸುಮ್ಮನೆ ಆಡಿದ ಮಾತಲ್ಲ ಅದು. ಅಂದೇ ಕೂತು ಆಕೆಯ ಪರವಾಗಿ ಉರ್ದುವಿನಲ್ಲಿ ದರ್ಖಾಸ್ತು ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ನೀರು ಬಿಡುವ ದಿನ ಬಲ್ದಿಯಾದ ದೊಡ್ಡವರೆಲ್ಲ ಬರುತ್ತಾರೆ, ಅವರ ಕೈಗೇ ಕೊಟ್ಟುಬಿಡೋಣ ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ನೀರು ಏರಿಸುವ ಮುಂಚೆ ಟಾಕಿಯನ್ನು ಒಳಗಿನಿಂದ ತೊಳೆಯಬೇಕಿತ್ತು. ಎರಡು ದಿನ ಆಕೆ ಆ ಕತ್ತಲೆಯ ಹೊಟ್ಟೆಯೊಳಗೆ ಒಬ್ಬಳೇ ಕೂತು ತೆಂಗಿನ ನಾರಿನಿಂದ ಗಸಗಸ ತಿಕ್ಕಿದಳು. ಮೇಲೆ ಬಂದಾಗ ಸಿಮೆಂಟಿನ ಧೂಳಿಗೆ ಕಣ್ಣು ಕೆಂಡದಂತಾಗಿದ್ದವು.

"ಬಗ್ಗಿ ನೋಡ್ರಿ ಸಾಹೇಬ್ರ. ಹಿಟ್ಟು ನಾದೋ ಪರಾತ ಇದ್ದಂಗ ಆಗ್ಯದ," ಎಂದು ನಕ್ಕಳು. ಬಗ್ಗಿ ನೋಡಿದೆ. ಹಾಗೇ ಆಗಿತ್ತು.

ನೀರು ಬಿಡುವ ದಿನ ಕಂಬಗಳ ನಡುವಿನ ನಳಕ್ಕೆ ಹೂವಿನ ಮಾಲೆ ಹಾಕಿದ್ದೆವು. ಬಲ್ದಿಯಾದವರು ಬಂದರು. ನಾನು ಬಾಡಿಗೆಗಿದ್ದ ಓಣಿಯ ವೈಷ್ಣವ ಹಿರಿಯರು ಬಂದರು. ಮಡಿನೀರು ಎಂದರೆ ಪ್ರಾಣ ಬಿಡುವ ನನ್ನ ತಾಯಿ, ಮಗನ ಕೆಲಸ ನೋಡಲೆಂದು ತಾಮ್ರದ ತಂಬಿಗೆ ಹಿಡಿದು ಸೇಡಮ್ಮಿನಿಂದ ಬಂದಿದ್ದಳು. ಮೊದಲ ಬೊಗಸೆ ಕುಡಿಯಬೇಕಾದವರು ಗುಡಿಯ ಅರ್ಚಕರು. ಅವರು ಕುಡಿದರೆ ನಮ್ಮ ಓಣಿಯೆಲ್ಲ ಕುಡಿದಂತೆ. ಅವರು ಬೊಗಸೆ ಒಡ್ಡಿದವರು ತಟ್ಟನೆ ಕೈ ಹಿಂದೆ ತೆಗೆದುಕೊಂಡರು.

"ಅಲ್ಲೋ ತಮ್ಮಾ, ಒಳಗ ಇಳದು ತೊಳದವರು ಯಾರು?"

ಆಕೆ ಹತ್ತು ಮಾರು ದೂರ, ಉಳಿದ ಕಲ್ಲಿನ ರಾಶಿಯ ಹತ್ತಿರ, ತೊಳೆದ ಸೀರೆ ಉಟ್ಟು ನಿಂತಿದ್ದಳು. ನನ್ನ ಬಾಯಿಂದ ತನ್ನ ಹೆಸರು ಬರುತ್ತದೆ ಎಂದು ಮುಖ ಅರಳಿಸಿಕೊಂಡಿದ್ದನ್ನು ನಾನು ಕಂಡೆ. ಇತ್ತ ತಾಯಿ ತಂಬಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ನಾನೇ ತೊಳದೀನ್ರಿ. ಸ್ನಾನಾ ಮಾಡಿ, ಮಡಿ ಉಟ್ಕೊಂಡು ಇಳದಿದ್ದೆ," ಎಂದೆ.

ನಾಲಿಗೆ ತಡವರಿಸಲೂ ಇಲ್ಲ. ಇವತ್ತಿಗೂ ನನಗೆ ಸಿಟ್ಟು ಬರುವುದು ಅದಕ್ಕೇ.

ಅರ್ಚಕರು ಕುಡಿದರು. "ಅಮೃತ ಅದ," ಎಂದರು. ತಾಯಿ ತಂಬಿಗೆ ತುಂಬಿಕೊಂಡು ಕಣ್ಣಿಗೆ ಒತ್ತಿಕೊಂಡಳು. ನನ್ನ ಹೆಗಲಿಗೆ ಶಾಲು ಬಿತ್ತು. ಅಷ್ಟಕ್ಕೇ ಮುಗಿದಿದ್ದರೆ ಒಂದು ಸುಳ್ಳು ಎಂದು ಮರೆಯುತ್ತಿದ್ದೆನೋ ಏನೋ. ಆದರೆ ಅರ್ಚಕರು ಸಂತೋಷದ ಭರದಲ್ಲಿ ಬಲ್ದಿಯಾದವರ ಕಡೆ ತಿರುಗಿ, "ಇನ್ನ ಮ್ಯಾಲ ಟಾಕಿಯೊಳಗ ಇಳಿಯೋದು ಈತನೇ ಆಗ್ಲಿ. ಬ್ಯಾರೆಯವರು ಆ ನಿಚ್ಚಣಿಕಿ ಮುಟ್ಟೋದು ಬ್ಯಾಡ. ಅಂದ್ರ ನಮ್ಮ ಓಣಿಯವರೆಲ್ಲಾ ಇದೇ ನೀರು ಕುಡೀತೇವಿ," ಎಂದರು. ಬಲ್ದಿಯಾದವರಿಗೂ ಅದು ಸರಿ ಕಂಡಿತು. ಎಲ್ಲರೂ ತಲೆಯಾಡಿಸಿದರು. ಹೆಬ್ಬೆಟ್ಟಿನ ದರ್ಖಾಸ್ತು ನನ್ನ ಕಿಸೆಯಲ್ಲೇ ಇತ್ತು. ಮೇಲೆ ಶಾಲು ಮುಚ್ಚಿತ್ತು.

ಆಕೆ ಗಲಾಟೆ ಮಾಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಖಾಲಿ ಕೊಡ ಎತ್ತಿಕೊಂಡು ಹೊಳೆಯ ಕಡೆ ಹೋದಳು. ಆಕೆಯ ಓಣಿಗೆ ನಳ ಹಾಕಿರಲಿಲ್ಲ. ಹೊಳೆ ಹತ್ತಿರವೇ ಇದೆಯಲ್ಲ ಎಂದು ನಕ್ಷೆಯಲ್ಲಿ ಪೈಪನ್ನು ಅಲ್ಲಿಗಿಂತ ಮುಂಚೆಯೇ ನಿಲ್ಲಿಸಿದ್ದವನೂ ನಾನೇ.

ಊರು ಒಳ್ಳೆಯ ನೀರು ಕುಡಿಯಲಿ ಎಂದು ಹಾಗೆ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲಿಯ ಊರು. ತಾಯಿಯ ಎದುರಿಗೆ ನನ್ನ ಟಾಕಿಯ ನೀರನ್ನು ಯಾರೂ ಬೇಡ ಅನ್ನಬಾರದು ಎನ್ನುವ ಹಮ್ಮು, ಅಷ್ಟೇ.

ತಿಂಗಳು ತುಂಬಿತು. ತೊಳೆಯುವ ದಿನ ಬಂತು. ಪಂಚೆ ಕಟ್ಟಿಕೊಂಡು ಕಂದೀಲು ಹಿಡಿದು ಕಿಂಡಿಯಲ್ಲಿ ಕಾಲು ಇಳಿಬಿಟ್ಟೆ. ಪಾಚಿಗೆ ಕಾಲು ಜಾರಿತು, ಅಂಚು ಹಿಡಿದು ಮೇಲಕ್ಕೆ ಬಂದುಬಿಟ್ಟೆ. ಮೇಲೆಯೇ ಅರ್ಧ ದಿನ ಕೂತು, ಪಂಚೆ ತೋಯಿಸಿಕೊಂಡು ಕೆಳಗಿಳಿದೆ. ಜನ ಕೈ ಮುಗಿದರು. ಮುಂದಿನ ತಿಂಗಳೂ ಅದೇ ನಾಟಕ. ಆಮೇಲೆ ನಳದಲ್ಲಿ ಹಸಿರು ಎಳೆಗಳು ಬರತೊಡಗಿದವು.

ಒಂದು ಮಧ್ಯಾಹ್ನ ಖಣಿಗೆ ಹೋದೆ. ಆಕೆ ಅಲ್ಲಿದ್ದಳು, ಗುಂಡಿಯಿಂದ ಕಲ್ಲಿನ ಚೂರು ಹೊತ್ತು ಮೇಲೆ ಹಾಕುತ್ತಿದ್ದಳು. ರೆಪ್ಪೆಯ ಮೇಲೂ ಧೂಳು. ನನ್ನನ್ನು ನೋಡಿ, "ಬರ್ರಿ ಸಾಹೇಬ್ರ," ಎಂದಳು, ಮೊದಲಿನಂತೆಯೇ.

ಕ್ಷಮೆ ಕೇಳಲು ಹೋಗಿದ್ದೆನೆಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಕೇಳಿದ್ದು ಇದು: "ಊರಾಗ ಎಲ್ಲಾರೂ ಮಲಗಿರೋ ಹೊತ್ತಿಗಿ ಬಂದು, ಯಾರಿಗೂ ಕಾಣಧಂಗ ತೊಳದು ಹೋಗ್ತಿಯೇನು?"

ಆಕೆ ಬುಟ್ಟಿಗೆ ಕಲ್ಲಿನ ಚೂರು ತುಂಬುತ್ತಲೇ ಹೇಳಿದಳು:

"ಬ್ಯಾಡ್ರಿ. ಯಾರರ ನೋಡಿದ್ರ ನಿಮ್ಮ ಹೆಸರು ಕೆಡ್ತದ. ನಾ ಹೇಳ್ತೀನಿ, ನೀವೇ ತೊಳೀರಿ. ಭಾಳ ಸಸಾರ ಅದ. ಇಳಿಯೋ ಮುಂಚೆ ಕಾಲಿಗಿ ಗೋಣಿ ತಟ್ಟು ಸುತ್ತಕೋರಿ, ಜಾರಂಗಿಲ್ಲ. ಮ್ಯಾಲಿಂದ ಕೆಳಗ ತಿಕ್ಕಬೇಕು. ಮೂಡಣ ಮೂಲ್ಯಾಗ ನೆಲ ಜರಾ ತಗ್ಗದ, ರಾಡಿ ಅಲ್ಲೇ ಕುಂದರ್ತದ. ಅದನ್ನ ಮಾತ್ರ ಕೈಲೇ ತೆಗೀರಿ."

ನಾನು ಹೂಂಗುಟ್ಟಿದೆ. ಮುಖ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಹೊರಡುವಾಗ ಆಕೆ ಕೇಳಿದಳು:

"ಒಂದ್ ಮಾತ ಕೇಳಲೇನ್ರಿ? ಆ ಟಾಕಿ ನೀರು ಕುಡೀಲಿಕ್ಕ ಹ್ಯಾಂಗ ಅವರಿ?"

"ಸಿಹಿ ಅವ," ಎಂದೆ.

"ಛಲೋ ಆತು," ಎಂದು ಆಕೆ ಬಗ್ಗಿ ಬುಟ್ಟಿಯ ಅಂಚು ಹಿಡಿದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ಎತ್ತಿಕೊಳ್ಳಲಾಗುವುದಿಲ್ಲ. ಹತ್ತಿರ ಬೇರೆ ಯಾರೂ ಇರಲಿಲ್ಲ. "ಜರಾ ಕೈ ಹಚ್ಚರಿ ಸಾಹೇಬ್ರ," ಎಂದಳು. ನಾನು ಇನ್ನೊಂದು ಅಂಚು ಹಿಡಿದು ಕಲ್ಲಿನ ಬುಟ್ಟಿಯನ್ನು ಆಕೆಯ ತಲೆಯ ಮೇಲೆ ಇಟ್ಟೆ.