ಪ್ಲಗ್ ದೇವರ ಮುಂದಿತ್ತು

ಆ ದಿನ ನಮ್ಮ ಗಾಡಿ ಪ್ಲಗ್ ಇಲ್ಲದೆ ಓಡಿತು. ಓಡಿಸಿದವರು ನನ್ನ ಗಂಡ. ಅದೇ ಹೊತ್ತಿಗೆ ಅವರು ನನ್ನೆದುರು ಕೂತು ಉಣ್ಣುತ್ತಿದ್ದರು. ಆದದ್ದು ಇಷ್ಟು. ನೀವು ನಂಬಿದರೆ ನನಗೆ ಲಾಭವಿಲ್ಲ, ನಂಬದಿದ್ದರೆ ನಷ್ಟವಿಲ್ಲ.

ನಾನೂ ಇಂಥದ್ದನ್ನು ನಂಬಿದವಳಲ್ಲ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳು, ಆದರೆ ಗಾಡಿಯ ವಿಷಯದಲ್ಲಿ ನನಗೆ ಯಾರೂ ಕತೆ ಹೇಳುವಂತಿರಲಿಲ್ಲ. ಸಿದ್ದಾಪುರದ ನಮ್ಮ ಗ್ಯಾರೇಜಿಗೆ ಒಬ್ಬ ಬರುತ್ತಿದ್ದ. ಸ್ಮಶಾನದ ಎದುರು ತನ್ನ ಗಾಡಿ ದಿನಾ ನಿಲ್ಲುತ್ತದೆ, ಯಾರೋ ಹಿಡಿಯುತ್ತಾರೆ ಎಂದು ಅವನ ಗೋಳು. ಕಾರ್ಬೊರೇಟರ್ ಬಿಚ್ಚಿ ಒಳಗಿನ ನೀರು ಚೆಲ್ಲಿ, "ತಗ, ನಿನ್ನ ದೆವ್ವ ಇಲ್ಲಿತ್ತು" ಎಂದು ಕಳಿಸಿದ್ದೆ.

ಗಾಡಿಯ ಹುಚ್ಚು ಮೊದಲು ನಮ್ಮನೆಯವರದ್ದು. ಕಿಕ್ಕನ್ನೇ ಮಡಚಿ ಗೇರು ಮಾಡಿಕೊಳ್ಳುವ, ಎರಡು ಸೈಲೆನ್ಸರಿನ ಹಳೇ ಮೋಟಾರ್ ಸೈಕಲ್ಲು ಅದು. ಕೆಸರು ತಾಗದಂತೆ ಸೈಲೆನ್ಸರುಗಳನ್ನು ಮೇಲಕ್ಕೆತ್ತಿ ಬೆಸುಗೆ ಹಾಕಿದ್ದರು, ಹಿಂದಿನ ಚೈನ್ ಚಕ್ರ ಬದಲಿಸಿದ್ದರು, ಮಡ್‌ಗಾರ್ಡ್ ಅರ್ಧಕ್ಕೆ ಕತ್ತರಿಸಿದ್ದರು. ಹಿಡಿದುಕೊಳ್ಳಲು, ಅರ ಹಾಕಲು ನಾನು. ಕೊಯ್ಲು ಮುಗಿದ ಮೇಲೆ ಗದ್ದೆ ಬಯಲಿನಲ್ಲಿ ಹುಲ್ಲಿನ ಹೊರೆ ಸಾಲಿಟ್ಟು ರೇಸ್ ಮಾಡುತ್ತಿದ್ದರು. ಶಿರಸಿ, ಯಲ್ಲಾಪುರದಿಂದ ಹುಡುಗರು ಬರುತ್ತಿದ್ದರು. ನಲವತ್ತು ದಾಟಿದ ನನ್ನ ಗಂಡ ಅವರ ಮುಖಕ್ಕೆ ಮಣ್ಣು ಹಾರಿಸಿ ಹೋಗುತ್ತಿದ್ದರು.

ಉಮ್ಮಚಗಿ ಕಡೆಯ ಒಂದು ರೇಸಿನಲ್ಲಿ ಬಿದ್ದರು. ಕಾಲು ಕೂಡಿತು, ಧೈರ್ಯ ಕೂಡಲಿಲ್ಲ. ಗಾಡಿ ರಿಪೇರಿ ಮಾಡುತ್ತಿದ್ದರು, ಹತ್ತುತ್ತಿರಲಿಲ್ಲ. ಶಿರಸಿಯಿಂದ ಸಾಮಾನು ತರುವವರು ಬೇಕಲ್ಲ, ನಾನೇ ಕಲಿತೆ. ಸೀಟಿನ ಸ್ಪಂಜು ಕತ್ತರಿಸಿ ತಗ್ಗಿಸಿದೆ, ಕನ್ನಡಿಗಳನ್ನು ನನ್ನ ಎತ್ತರಕ್ಕೆ ತಿರುಗಿಸಿಕೊಂಡೆ. ಸೀರೆ ಎತ್ತಿ ಕಟ್ಟಿ ಹೊರಟರೆ ಪೇಟೆಯವರು ನಗುತ್ತಿದ್ದರು. ನಗಲಿ, ಬಾಯಿ ಅವರದ್ದು. ಹುಚ್ಚು ನನಗೂ ಹಿಡಿಯಿತು.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಇವರು, "ಗಾಡಿ ಕೊಟ್ಟುಬಿಡ್ವ. ಅದು ಕೊಟ್ಟಿಗೇಲಿ ಇದ್ರೆ ನಂಗೆ ನಿದ್ದೆ ಬರೂದಿಲ್ಲ" ಎಂದರು. ಉಮ್ಮಚಗಿಯವನೊಬ್ಬ ವಿಜಯದಶಮಿಯ ಬೆಳಿಗ್ಗೆ ಬಂದು ಒಯ್ಯುವುದೆಂದು ಮಾತಾಯಿತು. ಗಾಡಿ ಹೋದರೆ ಗ್ಯಾರೇಜಿಗೂ ಬೀಗ ಬೀಳುತ್ತದೆ, ಆಮೇಲೆ ಈ ಮನುಷ್ಯ ಜಗಲಿಯ ಕಂಬಕ್ಕೊರಗಿ ಕೂತಲ್ಲೇ ಮುಗಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಹೆದರಿದವರನ್ನು ದೂಡಿ ಹತ್ತಿಸಲಾಗುವುದಿಲ್ಲ.

ನಮ್ಮಲ್ಲಿ ಆಯುಧಪೂಜೆಗೆ ಇಟ್ಟದ್ದನ್ನು ಮರುದಿನದ ಪೂಜೆಯ ತನಕ ಮುಟ್ಟುವ ಹಾಗಿಲ್ಲ. ಕತ್ತಿ, ನಟ್ಟು ಬಿಚ್ಚುವ ಪಾನೆ ಎಲ್ಲ ದೇವರ ಮುಂದೆ ಇಡುತ್ತೇವೆ. ಗಾಡಿಯನ್ನು ದೇವರ ಕೋಣೆಗೆ ತರಲಾಗುವುದಿಲ್ಲವಲ್ಲ, ಅದಕ್ಕೆ ಎಂಜಿನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಇಡುವುದು ನಮ್ಮನೆಯವರು ಮಾಡಿಕೊಂಡ ಪದ್ಧತಿ. ಹಳೇ ಪ್ಲಗ್ಗುಗಳೂ ಸಾಮಾನಿನ ಚೀಲದೊಂದಿಗೆ ಅಲ್ಲಿಯೇ. ಪ್ಲಗ್ಗಿನ ತೂತಿಗೆ ಧೂಳು ಬೀಳದಂತೆ ನಾನೇ ಒರೆಸುವ ಬಟ್ಟೆಯ ತುಂಡೊಂದನ್ನು ತುರುಕಿದ್ದೆ.

ಆಯುಧಪೂಜೆಯ ಮಧ್ಯಾಹ್ನ ಇವರಿಗೂ ಅತ್ತೆಗೂ ಬಡಿಸುತ್ತಿದ್ದೆ. ಹಿಂದಿನ ಕೊಟ್ಟಿಗೆಯಲ್ಲಿ ಗಾಡಿ ಚಾಲೂ ಆಯಿತು.

"ಯಾರೇ ಅದು, ಪೂಜೆ ದಿನ?" ಎಂದರು ಅತ್ತೆ.

ಇವರ ಕೈ ಎಲೆಯ ಮೇಲೇ ನಿಂತಿತು. ಎರಡನೇ ಗೇರಿಗೆ ಬೀಳುವಾಗ ನಮ್ಮ ಗಾಡಿ ಒಮ್ಮೆ ಕೆಮ್ಮುತ್ತದೆ. ಕೆಮ್ಮಿತು. ಓಡಿ ಹೋಗಿ ನೋಡಿದರೆ ಕೊಟ್ಟಿಗೆ ಖಾಲಿ, ಸದ್ದು ಬಿಳಗಿ ರಸ್ತೆಯಲ್ಲಿ ದೂರವಾಗುತ್ತಿತ್ತು. ಯಾರೋ ಪ್ಲಗ್ ಕದ್ದರು ಎಂದು ದೇವರ ಕೋಣೆಗೆ ನುಗ್ಗಿದೆ. ಪ್ಲಗ್ ಅಲ್ಲೇ ಇತ್ತು, ಕುಂಕುಮ ಕೂಡ ಅಲುಗಿರಲಿಲ್ಲ. ಚೀಲದ ಗಂಟೂ ಬಿಚ್ಚಿರಲಿಲ್ಲ. ಎಷ್ಟು ಹೊತ್ತು ನೋಡುತ್ತ ನಿಂತೆನೋ. ಅದನ್ನು ನೋಡುತ್ತಿರುವಾಗಲೇ ಗಾಡಿ ತಿರುಗಿ ಬಂತು, ಕೊಟ್ಟಿಗೆಯಲ್ಲಿ ನಿಂತಿತು, ಬಂದ್ ಆಯಿತು.

ಹೋಗಿ ನೋಡಿದೆ. ಸ್ಟ್ಯಾಂಡ್ ಹಾಕಿ ನಿಂತಿದೆ, ಯಾರೂ ಇಲ್ಲ. ಚಕ್ರಕ್ಕೆ ಹಸಿ ಕೆಸರು. ಸಿಲಿಂಡರ್ ಮುಟ್ಟಿದರೆ ಬೆರಳು ಸುಟ್ಟಿತು. ಪ್ಲಗ್ಗಿನ ತೂತಿನಲ್ಲಿ ನಾನು ತುರುಕಿದ ಬಟ್ಟೆ ತುರುಕಿದ ಹಾಗೇ ಇತ್ತು. ಎಳೆದು ನೋಡಿದೆ, ಸುಟ್ಟಿಲ್ಲ, ಮಸಿ ಹಿಡಿದಿಲ್ಲ. ಆಮೇಲೆ ಕನ್ನಡಿ ನೋಡಿದೆ. ಎರಡೂ ಮೇಲಕ್ಕೆ ತಿರುಗಿದ್ದವು, ಉದ್ದ ಮನುಷ್ಯನಿಗೆ ಬೇಕಾದ ಹಾಗೆ.

ಅಷ್ಟರಲ್ಲಿ ನೆರೆಮನೆಯ ಮಾದೇವ ಅಂಗಳದಿಂದಲೇ ಕೂಗುತ್ತ ಬಂದ. "ಎಂತಾ ಅಕ್ಕಾ, ಅಂತೂ ಅಣ್ಣ ಗಾಡಿ ಹತ್ತಿದ್ನಲೇ! ಕೆರೆ ಏರಿ ಮೇಲೆ ನಂಗೆ ಕೈ ಬೀಸ್ದ. ಅದೇ ರೇಸಿನ ನೀಲಿ ಅಂಗಿ!"

ಜಗಲಿಯಲ್ಲಿ ಪಂಚೆ ಉಟ್ಟು ಕೂತವರನ್ನು ಕಂಡು ಮೆಟ್ಟಿಲಲ್ಲೇ ನಿಂತ. "ನೀ ಯಾವಾಗ ಬಂದ್ಯೋ ಮಾರಾಯ?"

"ನಾ ಎಲ್ಲಿಗೂ ಹೋಗ್ಲಿಲ್ಲ ಮಾದೇವಾ" ಎಂದರು ಇವರು. ತೊಳೆಯದ ಕೈ ಮಡಿಲಲ್ಲೇ ಇತ್ತು.

ನೀಲಿ ಅಂಗಿ ಇರಲೇ ಇಲ್ಲ. ಬಿದ್ದ ದಿನ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಯಿಂದ ಸೀಳಿ ತೆಗೆದಿದ್ದರು. ಹಾಳಾಗಬಾರದೆಂದು ನಾನೇ ಗ್ಯಾರೇಜಿನ ಒರೆಸುವ ಬಟ್ಟೆ ಮಾಡಿದ್ದೆ. ಈಗ ನನ್ನ ಕೈಯಲ್ಲಿದ್ದದ್ದು ಅದರದ್ದೇ ತುಂಡು.

ಆ ಸಂಜೆ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಇವರು ಅಂಗಳ, ಕೊಟ್ಟಿಗೆ, ಅಂಗಳ ಎಂದು ತಿರುಗುತ್ತಿದ್ದರು. ನಾನು ಏನೋ ನೆಪ ಮಾಡಿ ಹೋಗಿ ಎಂಜಿನ್ ಮುಟ್ಟಿ ಬರುತ್ತಿದ್ದೆ. ಆರಿದ ಮೇಲೂ ಮುಟ್ಟಿ ಬಂದೆ. ಇವರು ಒಂದೇ ಮಾತು ಕೇಳಿದರು: "ಗೇರು ಚಲೋ ಬೀಳ್ತಿತ್ತನ?"

"ನೀವೇ ಕೇಳಿದ್ರಲ್ಲ" ಎಂದೆ.

ಇಷ್ಟು ವರ್ಷ ಯೋಚಿಸಿದ್ದೇನೆ. ಬೇರೆ ಗಾಡಿಯ ಸದ್ದು ಎಂದರೆ ನಮ್ಮ ಎಂಜಿನ್ ಕಾದದ್ದು ಹೇಗೆ? ಯಾರೋ ತನ್ನ ಪ್ಲಗ್ ಹಾಕಿ ಓಡಿಸಿ ಬಿಚ್ಚಿಕೊಂಡು ಹೋದ ಎಂದರೆ, ಸದ್ದು ನಿಂತಲ್ಲಿಂದ ನಾನು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಬಿಸಿ ಪ್ಲಗ್ ಬಿಚ್ಚುವ ಮನುಷ್ಯ ಹುಟ್ಟಿಲ್ಲ. ಮೊಮ್ಮಕ್ಕಳು ಏನೇನೋ ಹೇಳುತ್ತಾರೆ. ಅವರಿಗೆ ಪ್ಲಗ್ ಎಲ್ಲಿರುತ್ತದೆ ಎಂದೇ ಗೊತ್ತಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಪ್ಲಗ್ಗಿನ ಕುಂಕುಮ ಒರೆಸಿ ಬಿಗಿದೆ. ಉಮ್ಮಚಗಿಯವ ಬಸ್ಸಿಳಿದು ಬಂದ. "ಗಾಡಿ ಕೊಡೂದಿಲ್ಲ. ಆಸರಿಗೆ ಕುಡ್ಕಂಡು ಹೋಗು ತಮ್ಮಾ" ಎಂದೆ. ಅವನು ಗೊಣಗಿದ, ಎರಡು ಲೋಟ ಮಜ್ಜಿಗೆ ಕುಡಿದ, ಹೋದ. ಇವರು ಜಗಲಿಯಿಂದ ನೋಡುತ್ತಿದ್ದರು. ಗಾಡಿಯನ್ನು ಅಂಗಳಕ್ಕೆ ದೂಡಿ ತಂದೆ. ಕನ್ನಡಿಗಳನ್ನು ಮುಟ್ಟಲಿಲ್ಲ.

"ಒಂದು ಕಿಕ್ ಹೊಡ್ಕೊಡಿ, ನಂಗೆ ಮೊಣಕಾಲು ನೋವು" ಎಂದೆ. ಆಗ ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವರು ಎದ್ದು ಬಂದು ಗಾಡಿಯ ಮೇಲೆ ಕಾಲು ಹಾಕಿ ಕಿಕ್ ಹೊಡೆಯುತ್ತಿದ್ದಂತೆ ನಾನು ಹಿಂದಿನ ಸೀಟಿಗೆ ಹತ್ತಿ ಕೂತೆ.