ತಪಸ್ಸುಕಾಲದ ಕ್ಯಾಸೆಟ್

ಮೊದಲು ಸುಳಿವು ಕೊಟ್ಟದ್ದು ಕೊರಳಿನ ಕರಿಮಣಿ. ಗಿಡ್ಡ ಸರ ಅದು. ಒಂದು ದಿನ ಅದರ ಕೊಂಡಿ ಸಿಕ್ಕಿಸುವಾಗ ಬಿಗಿಯಾಯಿತು. ಅತ್ತೆ ನಕ್ಕರು. ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಅನ್ನುತ್ತೇವೆ. "ನನ್ನ ಅಡುಗೆ ಮೈಗೆ ಹಿಡಿಯಿತು ನೋಡು" ಅಂದರು. ನಾನೂ ನಕ್ಕೆ.

ಕ್ರಿಸ್ಮಸ್ಸಿನ ಹಾಡು ಅಭ್ಯಾಸ ಮಾಡುವಾಗ ನಗು ನಿಂತಿತು. ಕಾಪುವಿನ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೇಲಿನ ಸ್ವರ ಯಾವಾಗಲೂ ನನ್ನದೇ. ಅವತ್ತು ಆ ಸ್ವರಕ್ಕೆ ಏರಿದೆ.

ಸೀಳಿತು.

ಶೀತ ಇರಬೇಕು ಎಂದು ಎಲ್ಲರೂ ಒಂದೊಂದು ಕಷಾಯ ಹೇಳಿದರು. ಎಲ್ಲವನ್ನೂ ಕುಡಿದೆ. ಒಂದು ತಿಂಗಳ ನಂತರ, ಕಾರ್ಕಳದ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದ ನನ್ನ ಗಂಡ ಅಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ನನ್ನ ಹಿಂದೆ ನಿಂತು ಎರಡೂ ಕೈಗಳಿಂದ ಕೊರಳು ಮುಟ್ಟಿ, ಎಂಜಲು ನುಂಗಲು ಹೇಳಿ, ಚೀಟಿ ಬರೆದರು. ಮಣಿಪಾಲಕ್ಕೆ ಹೋಗಬೇಕು. ಥೈರಾಯ್ಡ್.

ಮಣಿಪಾಲದ ಸರ್ಜನ್ ಹೆಚ್ಚು ಮಾತಿನವರಲ್ಲ. ಗಡ್ಡೆ ತೆಗೆಯಬೇಕು, ಜೀವಕ್ಕೆ ಅಪಾಯವಿಲ್ಲ ಎಂದರು. ಎದ್ದು ಹೊರಡುವಾಗ ಗಂಡ ಸಂಕೋಚದಿಂದ, "ಇವಳು ಹಾಡುತ್ತಾಳೆ ಡಾಕ್ಟ್ರೇ" ಎಂದರು. ಸರ್ಜನ್ ಪೆನ್ನು ಕೆಳಗಿಟ್ಟರು.

"ಹಾಗಾದರೆ ಈಗಲೇ ಹೇಳುತ್ತೇನೆ. ವೋಕಲ್ ಕಾರ್ಡಿಗೆ ಹೋಗುವ ನರ ಅಲ್ಲೇ ಉಂಟು. ಗಡ್ಡೆ ಅದನ್ನು ಹಿಡಿದುಕೊಂಡಿದ್ದರೆ, ಮೇಲಿನ ಸ್ವರ ಮೊದಲಿನ ಹಾಗೆ ಬಾರದೆ ಇರಬಹುದು. ನನ್ನ ಕೈಲಾದದ್ದು ಮಾಡುತ್ತೇನೆ."

ಹೊರಗಿನವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನನಗೆ ಅದೇ ದೊಡ್ಡದು. ಈಸ್ಟರ್ ಕಳೆದ ಮೇಲೆ ನಾದಿನಿ ಐರಿನಳ ಮದುವೆ ಇತ್ತು. ಮದುವೆಯ ಮುಂಚಿನ ದಿನ ನಮ್ಮಲ್ಲಿ ರೋಸ್ ಶಾಸ್ತ್ರ: ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವುದು. ಆಗ ವೋವಿಯೊ ಎಂಬ ಹಾಡುಗಳನ್ನು ಒಬ್ಬಳು ಎತ್ತಿಕೊಡಬೇಕು, ಉಳಿದ ಹೆಂಗಸರು ಅವಳ ಹಿಂದೆ ಹೇಳಬೇಕು. ಏಳೆಂಟು ವರ್ಷಗಳಿಂದ ಊರಿನ ಯಾವ ರೋಸ್ ಆದರೂ ಎತ್ತಿಕೊಡುವವಳು ನಾನು. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಸ್ವಂತ ಮನೆಯ ರೋಸಿನಲ್ಲಿ ಬಾಯಿ ಮುಚ್ಚಿ ಕೂರುವುದು ಹೇಗೆ?

ಆಪರೇಶನ್ ಆಯಿತು. ಬಯಾಪ್ಸಿ ರಿಪೋರ್ಟ್ ಬಂತು, ಕ್ಯಾನ್ಸರ್ ಅಲ್ಲ. ಗಡ್ಡೆ ನರವನ್ನು ಸುತ್ತಿಕೊಂಡಿತ್ತಂತೆ. ಬಹಳ ಹೊತ್ತು ಹಿಡಿದು ಬಿಡಿಸಿದ್ದರು. ಮೂರು ವಾರ ಒಂದು ಮಾತೂ ಆಡಬಾರದು, ಪಿಸುಮಾತು ಕೂಡ ಬೇಡ ಎಂದು ಹೇಳಿ ಮನೆಗೆ ಕಳುಹಿಸಿದರು.

ಆಗ ತಪಸ್ಸುಕಾಲ ಶುರುವಾಗಿತ್ತು. ಬೂದಿ ಬುಧವಾರದಿಂದ ಈಸ್ಟರಿನವರೆಗೆ ನಮ್ಮ ಮನೆಯಲ್ಲಿ ರೇಡಿಯೋಕ್ಕೆ ಬಟ್ಟೆ ಮುಚ್ಚುತ್ತಾರೆ. ಮಾಂಸವಿಲ್ಲ, ಸಿನಿಮಾ ಹಾಡಿಲ್ಲ. ನನಗಂತೂ ಮಾತೂ ಇಲ್ಲ, ಹಾಡೂ ಇಲ್ಲ. ಹಗಲಿಡೀ ಮಲಗಿಕೊಂಡು ಅಳುವುದೇ ಕೆಲಸವಾಯಿತು.

ಬಹರೈನಿನಿಂದ ರಜೆಗೆ ಬಂದ ಮೈದುನ ರೋಕಿ, ನನ್ನ ಅಳು ನೋಡಲಾರದೆ ತನ್ನ ಟು-ಇನ್-ವನ್ ತಂದು ಮಂಚದ ಪಕ್ಕ ಇಟ್ಟ. ಒಳಗೆ ಒಂದೇ ಕ್ಯಾಸೆಟ್. ಅದರ ಕವರಿನ ಚಿತ್ರದಲ್ಲಿ ಗಿಟಾರ್ ಹಿಡಿದ ಒಬ್ಬ ಅಮೆರಿಕದ ಹೆಂಗಸು, ತಲೆಯ ಮೇಲೆ ರಾಶಿ ಬಂಗಾರದ ಕೂದಲು, ಹಿಂದೆ ಒಂದು ಬಿಳಿ ಮರದ ಕಟ್ಟಡ. ಅದು ಹುಲ್ಲು ತುಂಬುವ ಕೊಟ್ಟಿಗೆ. ಮಾಂಯ್ ಹಿಡಿದು ತಿರುಗಿಸಿ ನೋಡಿ, "ಇಗರ್ಜಿ ಚೆಂದ ಉಂಟು" ಎಂದರು. "ದೇವರ ಹಾಡಾದರೆ ತೊಂದರೆ ಇಲ್ಲ, ಹಾಕು."

ರೋಕಿ ಗುಂಡಿ ಒತ್ತಿ ಮೆಲ್ಲನೆ ಜಾರಿಕೊಂಡ.

ಅಂಥ ಹಾಡನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಿಟಾರಿನ ಹಿಂದೆ ಎಳೆದೆಳೆದು ಅಳುವ ಒಂದು ವಾದ್ಯ; ಅದರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಉಡುಪಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಿಂದ ಅರ್ಥ ಹಿಡಿದೆ. ಒಂದು ಹಾಡು, ಹೋದವನು ತಿರುಗಿ ಬಾರದ ಲಾರಿ ಡ್ರೈವರನ ದಾರಿ ಕಾಯುವ ಹೆಂಡತಿಯದು. ಹಾಡುವವಳು ಒಂದೇ ಒಂದು ಸಲವೂ ಸ್ವರವನ್ನು ಮೇಲಕ್ಕೆ ಒಯ್ಯಲಿಲ್ಲ. ಪಕ್ಕದ ಮನೆಯವಳು ಬೇಲಿಯ ಹತ್ತಿರ ನಿಂತು ಕಷ್ಟಸುಖ ಹೇಳುವ ಹಾಗೆ ಹಾಡಿದಳು. ಆದರೂ ನನ್ನ ಎದೆ ತುಂಬಿ ಬಂತು. ಇಷ್ಟು ಕೆಳಗಿನಿಂದಲೂ ಹಾಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಬದಿ ಮುಗಿದ ಕೂಡಲೇ ತಿರುಗಿಸಿ ಹಾಕಿ ಕಣ್ಣು ಮುಚ್ಚಿದೆ.

ಕಣ್ಣು ತೆರೆದು ನೋಡಿದರೆ, ಮಾಂಯ್ ಮೊಣಕಾಲೂರಿ ಜಪಮಾಲೆ ಹಿಡಿದುಕೊಂಡಿದ್ದಾರೆ.

"ಎಷ್ಟು ಭಕ್ತಿಯಿಂದ ಹಾಡುತ್ತಾಳೆ, ಪಾಪ" ಎಂದರು. ನಾನು ತಲೆಯಾಡಿಸಿದೆ, ಅಲ್ಲ, ಅಲ್ಲ ಎಂದು. ನೋವಾಗುತ್ತಿದೆ ಎಂದು ತಿಳಿದು ಗಂಜಿ ತಿಳಿ ತಂದುಕೊಟ್ಟರು. ಸ್ಲೇಟಿನಲ್ಲಿ ಬರೆಯೋಣವೆಂದರೆ ಅವರಿಗೆ ಓದು ಬಾರದು. ಸಂಜೆ ಗಂಡನಿಗೆ ಬರೆದು ತೋರಿಸಿದೆ. "ಹೇಳಿದರೆ ಬಂದ್ ಮಾಡಿಸುತ್ತಾರೆ. ನೀನು ಅಳದೆ ಇವತ್ತೇ ಒಂದು ದಿನ ಕಳೆದದ್ದು. ಸುಮ್ಮನಿರು" ಎಂದರು. ಸುಮ್ಮನಿರುವುದನ್ನು ಬಿಟ್ಟು ನನಗಾದರೂ ಬೇರೆ ಎಂತ ಇತ್ತು?

ಹೀಗೆ ಆ ತಪಸ್ಸುಕಾಲದಲ್ಲಿ ಲಾರಿ ಡ್ರೈವರನ ಹೆಂಡತಿಯ ವಿರಹಕ್ಕೆ ನಮ್ಮ ಮನೆಯಲ್ಲಿ ದಿನಾ ಜಪ ನಡೆಯಿತು. ಈಗ ಆ ಮಧ್ಯಾಹ್ನಗಳನ್ನು ನೆನೆಸಿಕೊಂಡರೆ ಕಾಯಿಲೆಯೇ ನೆನಪಾಗುವುದಿಲ್ಲ. ಮಾಂಯ್ ತೀರಿಕೊಂಡು ಎಷ್ಟೋ ವರ್ಷ ಆಯಿತು. ಆ ಕೋಣೆ, ಅವರ ಮೊಣಕಾಲು ನೋವಿನ ನಿಟ್ಟುಸಿರು, ಟೇಪು ತಿರುಗುವ ಸಣ್ಣ ಸದ್ದು ಎಲ್ಲ ಇನ್ನೊಮ್ಮೆ ಬೇಕು ಅನ್ನಿಸುತ್ತದೆ.

ಮೂರು ವಾರ ಕಳೆದು ಮಣಿಪಾಲಕ್ಕೆ ಹೋದೆವು. ಕನ್ನಡಿ ಇಟ್ಟು ಗಂಟಲು ನೋಡಿದ ಸರ್ಜನ್ ಹೇಳಿದರು: "ಮಾತಿಗೆ ತೊಂದರೆ ಇಲ್ಲ. ಮೇಲಿನ ಸ್ವರದ ಆಸೆ ಬಿಡಿ."

ಬಸ್ಸಿನಲ್ಲಿ ಗಂಡ ನನ್ನ ಕೈ ಹಿಡಿದುಕೊಂಡೇ ಇದ್ದರು. ಜನ ನೋಡುತ್ತಿದ್ದರೂ ಬಿಡಲಿಲ್ಲ.

ಮನೆಗೆ ಬಂದು ನಾನು ಆಡಿದ ಮೊದಲ ಮಾತು ಸತ್ಯ. "ಮಾಂಯ್, ಅದು ದೇವರ ಹಾಡಲ್ಲ." ಲಾರಿ ಡ್ರೈವರನ ಕಥೆ ಹೇಳಿದೆ. ಮಾಂಯ್ ಮುಖ ಕಪ್ಪಿಟ್ಟಿತು. ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿ ಬಂದರು. ಪಾದ್ರಿಯವರು ನಕ್ಕರಂತೆ, ಅದು ಅವರಿಗೆ ಇನ್ನೂ ಬೇಸರ. ಟು-ಇನ್-ವನ್ನಿಗೂ ಬಟ್ಟೆ ಬಿತ್ತು. ಈಸ್ಟರಿನ ಊಟ ಮುಗಿದು ಕೈ ತೊಳೆದು ಬಂದ ಮಾಂಯ್ ತಾವೇ ಬಟ್ಟೆ ಎಳೆದರು. "ಆ ಲಾರಿಯವನ ಹೆಂಡತಿಯದ್ದು ಹಾಕು. ಅವನು ತಿರುಗಿ ಬಂದನಾ?"

"ಇಲ್ಲ ಮಾಂಯ್."

"ಬರುವುದಿಲ್ಲ" ಎಂದರು. ಮಾವ ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಹೋದವರು ಅಲ್ಲೇ ತೀರಿಕೊಂಡಿದ್ದರು.

ರೋಸಿನ ದಿನ ನಾನು ಬಾಗಿಲ ಹತ್ತಿರ ನಿಂತಿದ್ದೆ. ಬೇರೆ ಯಾರಾದರೂ ಎತ್ತಿಕೊಡಲಿ ಎಂದು ಮೊದಲೇ ಹೇಳಿದ್ದೆ. ಮಾಂಯ್ ಐರಿನಳ ಹಣೆಗೆ ತೆಂಗಿನ ಹಾಲು ಹಚ್ಚಲು ಕೈ ಅದ್ದಿ, ಹಚ್ಚದೆ ನನ್ನನ್ನೇ ನೋಡುತ್ತಾ ಕೂತರು. ಹಾಲು ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ಯಾರೂ ಹಾಡಲಿಲ್ಲ. ಬೇರೆ ದಾರಿ ಕಾಣದೆ ನಾನು ಶುರುಮಾಡಿದೆ, ಕೆಳಗಿನಿಂದ, ಮಾತಿನಷ್ಟೇ ಎತ್ತರದಲ್ಲಿ. ಸ್ವರ ಒರಟಾಗಿತ್ತು, ಆದರೆ ಸೀಳಲಿಲ್ಲ.

ಎರಡನೇ ಸಾಲಿಗೆ ಹೆಂಗಸರೆಲ್ಲ ಸೇರಿಕೊಂಡರು. ಇಷ್ಟು ವರ್ಷ ತುಟಿ ಮಾತ್ರ ಆಡಿಸುತ್ತಿದ್ದ ಮುದುಕಿಯರು ಕೂಡ ಬಾಯಿ ತೆರೆದು ಹಾಡಿದರು. ಇಷ್ಟು ಸ್ವರ ಒಟ್ಟಾಗಿ ನಾನು ಯಾವ ರೋಸಿನಲ್ಲೂ ಕೇಳಿರಲಿಲ್ಲ.

ಮುಗಿದ ಮೇಲೆ ಮಾಂಯ್ ಸೆರಗಿನಿಂದ ಕೈ ಒರೆಸುತ್ತಾ ಹೇಳಿದರು: "ನಿನ್ನ ಹಿಂದೆ ಹಾಡಲಿಕ್ಕೆ ಇಷ್ಟು ವರ್ಷ ನಮಗೆ ಕೊರಳು ಸಾಲುತ್ತಿರಲಿಲ್ಲ ಮಾರಾಯ್ತಿ. ಇವತ್ತು ಸಾಲಿತು."